ಮಗಳ ಫೋಟೋ, ಮಂಡಿಯ ಜಿಮೇಲ್

ಪ್ರಶ್ನೆ: ಟೊಮ್ಯಾಟೊ ಮಂಡಿಯಲ್ಲಿ ಲೆಕ್ಕ ಬರೆಯುತ್ತೇನೆ. ಫೋನಿನಲ್ಲಿರುವುದು ಮಂಡಿಯವರು ಕೊಟ್ಟ ಜಿಮೇಲ್ ಒಂದೇ. ಮಗಳ ನಾಮಕರಣದ ಫೋಟೋಗಳೂ ಅದರಲ್ಲೇ ಇವೆ. ಮುಂದಿನ ತಿಂಗಳು ಕೆಲಸ ಬಿಡುತ್ತಿದ್ದೇನೆ. ಏನು ಮಾಡಲಿ?
— ಓದುಗರು, ಕೋಲಾರ

ಉತ್ತರ: ಇವತ್ತೇ ಶುರು ಮಾಡಿ. ನಾನೂ ಹೀಗೇ ಕಳೆದುಕೊಂಡವಳು. ಹಳೇ ಕೆಲಸ ಬಿಟ್ಟ ಸಂಜೆಯೇ ಪಾಸ್‌ವರ್ಡ್ ಬದಲಾಯಿತು. ಅಮ್ಮ ಜಗಲಿ ಮೇಲೆ ಅವರೆಕಾಯಿ ಸುಲಿಯುತ್ತಾ ಕೂತಿದ್ದ ಫೋಟೋ ಮತ್ತೆ ಸಿಗಲೇ ಇಲ್ಲ.

ಸ್ವಂತದ್ದೊಂದು ಜಿಮೇಲ್ ತೆರೆಯಿರಿ, 15 ಜಿಬಿವರೆಗೆ ಉಚಿತ. ಮಂಡಿಯ ಜಿಮೇಲ್‌ನಿಂದಲೇ ಗೂಗಲ್ ಟೇಕ್‌ಔಟ್ (ಖಾತೆಯಲ್ಲಿರುವುದನ್ನು ಇಳಿಸಿಕೊಳ್ಳಲು ಗೂಗಲ್ ಕೊಡುವ ಸೌಲಭ್ಯ) ತೆರೆದು, ಫೋಟೋಸ್ ಮಾತ್ರ ಆರಿಸಿ ಇಳಿಸಿಕೊಳ್ಳಿ. ವಾಟ್ಸಾಪ್ ಬ್ಯಾಕಪ್ ಯಾವ ಜಿಮೇಲ್‌ಗೆ ಹೋಗುತ್ತಿದೆ ನೋಡಿ, ಜಾಸ್ತಿ ಜನ ಮರೆಯುವುದು ಇದನ್ನೇ. ಬ್ಯಾಂಕಿನಲ್ಲೂ ಇಮೇಲ್ ಬದಲಿಸಿ. ರೈತರ ಲೆಕ್ಕದ ಫೈಲುಗಳನ್ನು ಮಾತ್ರ ತರಬೇಡಿ, ಅವು ಮಂಡಿಯವು ಅಲ್ವಾ? ಹೊಸ ಕೆಲಸದ ಖಾತೆ ಸ್ವಂತದ್ದರ ಜೊತೆ ಬೆರೆಯದಂತೆ ಕಂಪ್ಯೂಟರ್‌ನ ಕ್ರೋಮ್‌ ಬ್ರೌಸರ್‌ನಲ್ಲಿ ಅದಕ್ಕೆ ಬೇರೆಯೇ ಪ್ರೊಫೈಲ್ ಮಾಡಿಕೊಳ್ಳಿ.