ಪೂರ್ತಿ ಕೋಡ್ ಯಾಕೆ ಹಾಕಲಿಲ್ಲ?

ಓದುಗರ ಪತ್ರ: ಕಳೆದ ಸಂಚಿಕೆಯ ವೈರಸ್ ಲೇಖನದಲ್ಲಿ ಕೋಡ್‌ನ ಮುಖ್ಯವಾದ ಹನ್ನೊಂದು ಸಾಲು ಕತ್ತರಿಸಿ, ಆ ಜಾಗದಲ್ಲಿ ಮೂರು ಚುಕ್ಕಿ ಇಟ್ಟಿದ್ದೀರಿ. ಕೆಟ್ಟ ಕೆಲಸ ಮಾಡುವವರ ಹತ್ತಿರ ಆ ಕೋಡ್ ಹೇಗೂ ಇರುತ್ತದೆ. ಬಾಗಿಲು ಮುಚ್ಚಿದ್ದು ಕಲಿಯುವವರಿಗೆ ಮಾತ್ರ. ಇದು ಓದುಗರ ಮೇಲಿನ ಅಪನಂಬಿಕೆ ಅಲ್ವಾ?

ಸಂಪಾದಕರ ಉತ್ತರ: ನಿಮ್ಮ ಪತ್ರ ಸ್ವಲ್ಪ ಚುಚ್ಚಿತು. ಕತ್ತರಿ ಹಾಕಿದ್ದು ಲೇಖಕರಲ್ಲ, ನಾನು. ಅವರಿಗೂ ಅದು ಹಿಡಿಸಿರಲಿಲ್ಲ.

ಕೋಡ್ ಬಯಲಿಗೆ ಬಂದರೆ ಕಲಿಯಲು ಸಿಗುತ್ತದೆ ಅನ್ನೋದು ನಿಜ. ಮಿರಾಯ್‌ಯನ್ನೇ ನೋಡಿ, ಇಂಟರ್‌ನೆಟ್‌ಗೆ ಜೋಡಿಸಿದ ಸಾಧನಗಳಿಗೆ ನುಗ್ಗಿ, ಅವುಗಳಿಂದಲೇ ಬೇರೆಯವರ ಮೇಲೆ ದಾಳಿ ಮಾಡಿಸುವ ಪ್ರೋಗ್ರಾಂ ಅದು. 2016ರ ಸೆಪ್ಟೆಂಬರ್ ಕೊನೆಯಲ್ಲಿ ಅದರ ಇಡೀ ಸೋರ್ಸ್ ಕೋಡನ್ನು ಬರೆದವರೇ ಹೊರಗೆ ಬಿಟ್ಟರು. ಒಳಗೆ ನೋಡಿದರೆ ನಗು ಬರುವಷ್ಟು ಸರಳ. ಕ್ಯಾಮೆರಾ, ರೂಟರ್‌ಗಳ ಬಾಗಿಲು ತಟ್ಟುವುದು, ತಯಾರಕರೇ ಹಾಕಿಕೊಟ್ಟ ಪಾಸ್‌ವರ್ಡ್‌ಗಳನ್ನು ಒಂದೊಂದಾಗಿ ಹಾಕಿ ನೋಡುವುದು. ಹೆಸರು ಅಡ್ಮಿನ್, ಪಾಸ್‌ವರ್ಡೂ ಅಡ್ಮಿನ್. ಹೆಸರು ರೂಟ್, ಪಾಸ್‌ವರ್ಡ್ 12345. ಇಂಥ ಸುಮಾರು ಅರವತ್ತು ಜೋಡಿ. ಯಾವ ಪಾಸ್‌ವರ್ಡ್ ಮೊದಲು ಬದಲಿಸಬೇಕು ಅಂತ ಆ ಪಟ್ಟಿಯಿಂದಲೇ ತಿಳಿಯುತ್ತಿತ್ತು. ಅದನ್ನು ಅಚ್ಚು ಹಾಕಿ ಎಂದರೆ ನಾಳೆಯೇ ಹಾಕುತ್ತೇನೆ.

ಆದರೆ 'ಅವರ ಹತ್ತಿರ ಹೇಗೂ ಇರುತ್ತದೆ' ಅನ್ನುತ್ತೀರಲ್ಲ, ಯಾರ ಹತ್ತಿರ? ಇಂಥದ್ದನ್ನು ಸ್ವತಃ ಬರೆಯಬಲ್ಲವರು ಕೆಲವೇ ಜನ. ಸಿದ್ಧವಾಗಿ ಸಿಕ್ಕಿದ್ದನ್ನು ಓಡಿಸಬಲ್ಲವರು ಅವರಿಗಿಂತ ಎಷ್ಟೋ ಜಾಸ್ತಿ. ಮಿರಾಯ್ ಕೋಡ್ ಹೊರಬಿದ್ದ ಮೇಲೆ ಅದಕ್ಕೆ ಮರಿಗಳು ಹುಟ್ಟುತ್ತಲೇ ಹೋದವು. ಮೂರು ವಾರಕ್ಕೆ, ಅಕ್ಟೋಬರ್ 21ರಂದು, ಡೈನ್ ಕಂಪನಿಯ ಮೇಲೆ ದಾಳಿ ಆಯಿತು. ವೆಬ್‌ಸೈಟ್‌ಗಳ ಹೆಸರು ಹೇಳಿದರೆ ಅವುಗಳ ವಿಳಾಸ ಹುಡುಕಿಕೊಡುವ ಕಂಪನಿ ಅದು. ಟ್ವಿಟರ್, ನೆಟ್‌ಫ್ಲಿಕ್ಸ್‌ನಂಥವೂ ಎಷ್ಟೋ ಜನರಿಗೆ ಗಂಟೆಗಟ್ಟಲೆ ಸಿಗಲಿಲ್ಲ.

ನನ್ನನ್ನು ಜಾಸ್ತಿ ಕಾಡುವುದು ಸ್ಲ್ಯಾಮರ್ ಎಂಬ ವರ್ಮ್, ಅಂದರೆ ಯಂತ್ರದಿಂದ ಯಂತ್ರಕ್ಕೆ ತಾನೇ ಹರಡುವ ಪ್ರೋಗ್ರಾಂ. ಇಡೀ ಕೋಡ್ 376 ಬೈಟ್. ಕಂಪ್ಯೂಟರ್ ಅಕ್ಷರಗಳನ್ನು ಉಳಿಸಿಡುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ ಮೂರು ಬೈಟ್ ಬೇಕು. ಅಂದರೆ ನಿಮ್ಮ ಪತ್ರದ ಮೊದಲ ಎರಡು ವಾಕ್ಯವೇ ಅದಕ್ಕಿಂತ ದೊಡ್ಡದು! 2003ರ ಜನವರಿ 25ರಂದು ಹೊರಟ ಅದು, ತಾನು ಹೊಕ್ಕಬಹುದಾಗಿದ್ದ ಯಂತ್ರಗಳಲ್ಲಿ ಶೇ. 90ರಷ್ಟನ್ನು ಹತ್ತೇ ನಿಮಿಷದಲ್ಲಿ ಹಿಡಿದಿತ್ತು. ಅದು ನುಗ್ಗಿದ್ದು ಮೈಕ್ರೋಸಾಫ್ಟ್‌ನ ಡೇಟಾಬೇಸ್ ತಂತ್ರಾಂಶದ ಒಂದು ತೂತಿನಿಂದ. ಆ ತೂತನ್ನು ಕಂಡುಹಿಡಿದವರು ಭದ್ರತಾ ಸಂಶೋಧಕ ಡೇವಿಡ್ ಲಿಚ್‌ಫೀಲ್ಡ್. ಮೈಕ್ರೋಸಾಫ್ಟ್ 2002ರ ಜುಲೈನಲ್ಲೇ ಪ್ಯಾಚ್, ಅಂದರೆ ತೂತು ಮುಚ್ಚುವ ತಿದ್ದುಪಡಿ, ಕೊಟ್ಟಿತ್ತು. ಅದಾದ ಮೇಲೆಯೇ ಅವರು ಮಾದರಿ ಕೋಡ್ ತೋರಿಸಿದ್ದು. ತಪ್ಪು ಹುಡುಕಲು ಜಾಗವೇ ಇಲ್ಲ. ಆದರೂ ವರ್ಮ್ ಬರೆದವರು ಆ ಮಾದರಿಯನ್ನೇ ಬುನಾದಿ ಮಾಡಿಕೊಂಡರು, ಪ್ಯಾಚ್ ಹಾಕದ ಯಂತ್ರಗಳು ಸಾವಿರಗಟ್ಟಲೆ ಉಳಿದಿದ್ದವು. ಇಂಥ ಕೋಡ್ ಪ್ರಕಟಿಸುವುದರಿಂದ ಪ್ರಯೋಜನ ಇದೆಯಾ ಎಂದು ಆಮೇಲೆ ಅವರೇ ಬಹಿರಂಗವಾಗಿ ಕೇಳಿಕೊಂಡರು.

ತಮಾಷೆ ಅಂದರೆ, ಅದೇ ವರ್ಷ ವೈರ್ಡ್ ಪತ್ರಿಕೆ ಸ್ಲ್ಯಾಮರ್ ಕೋಡನ್ನು ವಿವರಣೆ ಸಮೇತ ಅಚ್ಚು ಹಾಕಿತು. ನಾನು ಆ ಕುರ್ಚಿಯಲ್ಲಿದ್ದರೆ ನಾನೂ ಹಾಕುತ್ತಿದ್ದೆನೇನೋ. ಅಷ್ಟು ಹೊತ್ತಿಗೆ ಪ್ಯಾಚ್ ಹಳೆಯದಾಗಿತ್ತು, ಗಲಾಟೆ ಮುಗಿದಿತ್ತು, ವರ್ಮ್ ಎಲ್ಲರಿಗೂ ಸಿಕ್ಕಾಗಿತ್ತು.

ನಮ್ಮ ಲೇಖನದ ಕಥೆ ಹಾಗಲ್ಲ. ಅದರಲ್ಲಿ ಹೇಳಿದ ಸಾಧನಗಳು ಇನ್ನೂ ಬಳಕೆಯಲ್ಲಿವೆ, ತಯಾರಕರು ಅವಕ್ಕೆ ಅಪ್‌ಡೇಟ್ ಕೊಡುವುದನ್ನೇ ನಿಲ್ಲಿಸಿದ್ದಾರೆ. ಕೋಡ್ ನೋಡಿ ಎಚ್ಚೆತ್ತವರಿಗೂ ಹಾಕಿಕೊಳ್ಳಲು ಪ್ಯಾಚ್ ಇಲ್ಲ. ಅದಕ್ಕೇ ಕತ್ತರಿ ಆಡಿಸಿದೆ.

ಆದರೆ ಸುಮ್ನೆ ಚುಕ್ಕಿ ಇಟ್ಟಿದ್ದು ನನ್ನ ತಪ್ಪು. ಆ ಸಾಲುಗಳ ಕೆಲಸ ಇಷ್ಟೇ: ಹೊಸ ಯಂತ್ರ ಸಿಕ್ಕಾಗ, ಅಲ್ಲಿ ತನ್ನ ಇನ್ನೊಂದು ಪ್ರತಿ ಆಗಲೇ ಇದೆಯಾ ಎಂದು ನೋಡುವುದು. ಇದ್ದರೆ ವಾಪಸ್, ಇಲ್ಲದಿದ್ದರೆ ಅಲ್ಲೇ ಠಿಕಾಣಿ. 1988ರ ಮೋರಿಸ್ ವರ್ಮ್ ಎಡವಿದ್ದೂ ಇಲ್ಲೇ. 'ಆಗಲೇ ಇದೆ' ಎಂಬ ಉತ್ತರ ಬಂದರೂ ಏಳು ಸಲದಲ್ಲಿ ಒಂದು ಸಲ ಅದು ಜಗ್ಗದೆ ಕೂರುತ್ತಿತ್ತು. ಒಂದೇ ಯಂತ್ರದಲ್ಲಿ ಪ್ರತಿಯ ಮೇಲೆ ಪ್ರತಿ ಸೇರಿ, ಕೊನೆಗೆ ಯಂತ್ರವೇ ಕುಸಿಯುತ್ತಿತ್ತು. ಇಷ್ಟನ್ನು ಆಗಲೇ ಬರೆದಿದ್ದರೆ ನೀವು ಈ ಪತ್ರ ಬರೆಯಬೇಕಾಗಿರಲಿಲ್ಲ.