ಎಸ್ಟಿಮಾ ಹೈಬ್ರಿಡ್ಡೋ ಪೆಟ್ರೋಲೋ ಅನ್ನೂಕಿಂತ ಮೊದ್ಲ, ಟ್ರೇನಿಗೆ ಹೋಗ್ತಿಯೋ ಇಲ್ಲೋ ಹೇಳು

ತಮ್ಮಾ, ನೀ ಬರದಿದ್ದೆಲ್ಲಾ ಓದಿದೆ. ನ್ಯೂಜಿಲೆಂಡಿನ ಪಾಪಾಕುರಾದಾಗ ಬಾಡಿಗಿ ಮನಿ ಸಿಕ್ಕೈತಿ, ಆಫೀಸು ಆಕ್ಲೆಂಡ್ ಸಿಟಿ ಒಳಗ, ಮನ್ಯಾಗಿನವ್ರು ಇಬ್ಬರು ಮಕ್ಕಳನ್ನ ಕರ್ಕೊಂಡು ಮೇ ಸೂಟಿಗೆ ಹುಬ್ಬಳ್ಳಿ ಕೇಶ್ವಾಪುರದಿಂದ ಬರ್ತಾರ, ಆಮ್ಯಾಲ ಗದಗಿಂದ ಅವ್ವ ಅಪ್ಪನ್ನೂ ಕರಸೋದೈತಿ, ಅದಕ್ಕ ಏಳ್ ಸೀಟಿನ ಜಪಾನ್ ಗಾಡಿ ಬೇಕು. ಎರಡು ಟೊಯೋಟಾ ವ್ಯಾನ್ ನೋಡಿಟ್ಟಿ: 2008ರ ಎಸ್ಟಿಮಾ ಹೈಬ್ರಿಡ್ (ಪೆಟ್ರೋಲ್ ಎಂಜಿನ್ ಜೋಡಿ ಬ್ಯಾಟರಿ ಮೋಟರೂ ಇರೋದು) 10,500 ಡಾಲರ್, 2010ರ ಎಸ್ಟಿಮಾ ಪೆಟ್ರೋಲ್ 8,500. ಯಾವ್ದು ತಗೊಳ್ಲಿ ಅಣ್ಣಾರ ಅಂತ ಕೇಳಿದಿ.

ಆದ್ರ ನೀ ದಿನಾ ಆಫೀಸಿಗೆ ಹೆಂಗ ಹೋಗಾಂವ ಅನ್ನೋದು ಬರದೇ ಇಲ್ಲ ನೋಡು, ಉತ್ತರ ಎಲ್ಲಾ ಅದರಾಗ ಐತಿ. ಪಾಪಾಕುರಾದಿಂದ ಸಿಟಿಗೆ 32 ಕಿಮೀ, ಹೋಗಿ ಬರಾಕ 64. ಹುಬ್ಬಳ್ಳಿ-ಧಾರವಾಡ ಒಂದೂವರಿ ಸಲ ಹೋಗಿಬಂದಂಗ ಅಂತ ತಿಳ್ಕೊ, ಅದೂ ಮುಂಜಾನೆ ಸದರ್ನ್ ಮೋಟರ್‌ವೇ ಜಾಮ್‌ನಾಗ. ವಾರಕ್ಕ ಐದ್ ದಿನ ಅಂದ್ರ 320 ಕಿಮೀ. ಎಸ್ಟಿಮಾ ಪೆಟ್ರೋಲ್ 100 ಕಿಮೀಗೆ ಹತ್ತೂವರಿ ಲೀಟರ್ ಕುಡೀತೈತಿ ಅಂತ ಹಿಡಿ, ಹೈಬ್ರಿಡ್ 8 ಲೀಟರ್, ಪೆಟ್ರೋಲ್ ರೇಟು ಏರಾಡ್ತನ ಇರ್ತೈತಿ, ಲೆಕ್ಕಕ್ಕ 2.70 ಡಾಲರ್ ಅಂತ ಇಟ್ಕೊಳ್ಳೋಣು. ಪೆಟ್ರೋಲ್ ಗಾಡಿಗೆ ವಾರಕ್ಕ 91 ಡಾಲರ್ ಹೊಕ್ಕೈತಿ, ಹೈಬ್ರಿಡ್‌ಗೆ 69. ಟ್ರೇನಿಗೆ? ಹಾಪ್ ಕಾರ್ಡ್ (ಇಲ್ಲಿ ಬಸ್ಸು ಟ್ರೇನಿಗೆ ರೊಕ್ಕ ತುಂಬೋ ಕಾರ್ಡ್) ಇದ್ರ ಏಳ್ ದಿನಕ್ಕ 50 ಡಾಲರಿಗಿಂತ ಹೆಚ್ಚು ಕತ್ತರಿಸಂಗಿಲ್ಲ, ಎಷ್ಟ ಸಲ ಹತ್ತಿ ಇಳದ್ರೂ ಅಷ್ಟ. ಸಿಟಿ ಪಾರ್ಕಿಂಗ್ ರೊಕ್ಕ ನಾ ಇನ್ನೂ ಲೆಕ್ಕಕ್ಕ ಹಿಡದಿಲ್ಲ, ಅದನ್ನ ಕೇಳಿದ್ರ ಎದಿ ಒಡಕೊಳ್ತಿ. ನಿಮ್ಮೂರಾಗ ಚಿಗರಿ ಬಸ್ಸು ತನ್ನ ಲೇನ್‌ನಾಗ ಬುರ್ ಅಂತ ಹೊಂಟಾಗ ಬಾಜೂಕ ಕಾರಿನವ್ರು ನಿಂತು ನೋಡ್ತಾರಲ್ಲ, ಇಲ್ಲೆ ಟ್ರೇನಿಂದೂ ಹಂಗ.

ಟ್ರೇನಿಗೆ ಹೋಗ್ತಿ ಅಂದ್ರ ವ್ಯಾನು ಸಾಲಿಗೆ, ಸಂತಿಗೆ, ರವಿವಾರ ಅಡ್ಡ್ಯಾಡಾಕ ಅಷ್ಟ ಉಳೀತು. ವರ್ಷಕ್ಕ 7,000 ಕಿಮೀ ಆದ್ರ ಭಾಳಾತು. ಆಗ ಹೈಬ್ರಿಡ್‌ನಿಂದ ಉಳಿಯೋದು 175 ಲೀಟರ್, ಅಂದ್ರ 470 ಡಾಲರ್ ಆಜೂಬಾಜು. ಎರಡರ ನಡುವಿನ 2,000 ಡಾಲರ್ ಫರಕು ವಾಪಸ್ ಬರಾಕ ನಾಕ್ ವರ್ಷದ ಮ್ಯಾಲ ಬೇಕು, ಅಷ್ಟೊತ್ತಿಗೆ ಆ 2008ರ ಬ್ಯಾಟರಿ ಏನಾಗಿರ್ತೈತಿ ದೇವರಿಗೇ ಗೊತ್ತು. ಇಲ್ಲ ಅಣ್ಣಾರ ನಾ ಗಾಡೀನ ತಗೊಂಡು ಹೋಗಾವ್ನ ಅಂದ್ರ ವರ್ಷಕ್ಕ 20,000 ಕಿಮೀ ಆಗ್ತೈತಿ, ಉಳಿಯೋದು 1,350 ಡಾಲರ್, ಆಗ ಹೈಬ್ರಿಡ್ ಮಾತಿಗೆ ಅರ್ಥ ಐತಿ. ಆಗೂ ನಾ ಆ 2008ರ ಗಾಡಿ ತಗೊ ಅನ್ನಂಗಿಲ್ಲ, ಅದನ್ನ ಮುಂದ ಹೇಳ್ತೀನಿ.

ನಿಮ್ಮ ಮಾವನೋರು ಹುಬ್ಬಳ್ಳಿಂದ ಫೋನ್ ಹಚ್ಚಿ ಹೈಬ್ರಿಡ್ಡ ತಗೊಳ್ರಿ ಅನ್ನಾಕತ್ತಾರ ಅಂದಿ. ಅವರು ನೋಡಿದ್ದು ಇನ್ನೋವಾ ಹೈಕ್ರಾಸ್, ಶೋರೂಮಿಂದ ಬಂದ ಹೊಸಾ ಗಾಡಿ, ಬ್ಯಾಟರಿಗೆ ಕಂಪನಿ ವಾರಂಟಿ. ಅವರ ಮಾತು ಅವರ ಗಾಡಿಗೆ ಖರೇ. ಹೈಬ್ರಿಡ್‌ನ ಉಳಿತಾಯ ಎಲ್ಲಾ ನಿಂತು ನಿಂತು ಹೋಗೋ ಕಡೆ, ಸಂಜಿಮುಂದ ಚನ್ನಮ್ಮ ಸರ್ಕಲ್‌ನಾಗ ಸಿಕ್ಕೊಂಡ್ರ ಎಂಜಿನ್ ಬಂದ್ ಆಗಿ ಬ್ಯಾಟರಿ ಮ್ಯಾಲ ಸರೀತೈತಿ, ಬ್ರೇಕ್ ಒತ್ತಿದಾಗ ಹಾಳಾಗೋ ಶಕ್ತಿನ ಮೋಟರ್ ಹಿಡದು ಮತ್ತ ಬ್ಯಾಟರಿಗೆ ತುಂಬ್ತೈತಿ. ರೋಡ್ ಖಾಲಿ ಇದ್ದು 100ರ ಸ್ಪೀಡಿನಾಗ ಹ್ಯಾಮಿಲ್ಟನ್ ಕಡೆ ಹೊಂಟ್ರ ಬ್ರೇಕೂ ಇಲ್ಲ ತುಂಬೋದೂ ಇಲ್ಲ, ಆಗ ಎರಡೂ ಗಾಡಿ ನಡುವಿನ ಫರಕು ಕಡಿಮಿ ಆಗ್ತೈತಿ.

ಈಗ ಆ 2008ರದ್ದು. ಗಾಡಿ ಛಲೋನ ತಮ್ಮಾ, ಬೈಯಾಕ ಹತ್ತಿಲ್ಲ. 2.4 ಲೀಟರ್ ಎಂಜಿನ್, ಹಿಂದಿನ ಗಾಲಿಗೆ ಬ್ಯಾರೆ ಮೋಟರ್, ಉದ್ದ ಶಾಫ್ಟ್ ಇಲ್ಲದನ ಫೋರ್ ವೀಲ್ ಡ್ರೈವ್. ಒಳಗ ಕುಂತ್ರ ರಾಜ ಕುಂತಂಗ. ಆದ್ರ ಅದರಾಗಿಂದು ನಿಕ್ಕಲ್ ಮೆಟಲ್ ಹೈಡ್ರೈಡ್ ಬ್ಯಾಟರಿ, ಇಷ್ಟು ವರ್ಷ ಆಗಿದ್ದಕ್ಕ ಒಂದೊಂದ ಸೆಲ್ ಸೋಲಾಕ ಹತ್ತಿರ್ತಾವ, ಬದಲಿ ಮಾಡ್ಬೇಕಂದ್ರ ಸಾವಿರಗಟ್ಟಲೆ ಡಾಲರ್. ಬ್ಯಾಟರಿ ಒಂದ ಅಲ್ಲ, ಬ್ರೇಕಿನ ಆಕ್ಚುಯೇಟರ್ ಹೋದ್ರ ಅದೂ ಭಾರಿ ಬಿಲ್ಲ, ಪೆಟ್ರೋಲ್ ಗಾಡ್ಯಾಗ ಆ ತಲಿನೋವ ಇಲ್ಲ. ನೋಡಾಕ ಹೋಗೋದ ಆದ್ರ ಸ್ಕ್ರೀನ್ ಮ್ಯಾಲಿನ ಬ್ಯಾಟರಿ ಗೆರಿ ನೋಡ್ಕೊಂತ ಏರು ಇಳುಕಲು ಇರೋ ಕಡೆ ಹೊಡಿ. ಗೆರಿ ಸರ್ರ್ ಅಂತ ಕೆಳಗಿಳದು ಹಂಗ ಸರ್ರ್ ಅಂತ ತುಂಬಿದ್ರ ಬ್ಯಾಟರಿ ಮುದಿ ಆಗೈತಿ ಅಂತ ತಿಳಿ, ಗಟ್ಟಿ ಬ್ಯಾಟರಿ ಸಾವಕಾಶ ಆಡ್ತೈತಿ. ಸ್ಕ್ಯಾನರ್ ಹಚ್ಚಿ ಒಂದೊಂದ ಬ್ಲಾಕಿನ ವೋಲ್ಟೇಜ್ ನೋಡೋ ಮೆಕ್ಯಾನಿಕ್ ಸಿಕ್ರ ಇನ್ನೂ ಛಲೋ. ಬ್ಯಾಟರಿಗೆ ಗಾಳಿ ಎಳಿಯೋ ಜಾಳಗಿ ಕ್ಯಾಬಿನ್ ಒಳಗ ಇರ್ತೈತಿ, ಮಕ್ಕಳಿದ್ದ ಮನಿ ಗಾಡಿ ಆದ್ರ ಅದರಾಗ ಧೂಳ, ನಾಯಿ ಕೂದ್ಲ, ಬಿಸ್ಕೀಟ ಪುಡಿ ಎಲ್ಲಾ ಕುಂತಿರ್ತಾವ, ಗಾಳಿ ಸಿಗದ ಬ್ಯಾಟರಿ ಕಾದು ಕಾದು ಲಗೂನ ಸಾಯ್ತೈತಿ. (ನಾಳೆ ನೀ ಯಾವ ಹೈಬ್ರಿಡ್ ತಗೊಂಡ್ರೂ ಗಾಡ್ಯಾಗ ಗಿರ್ಮಿಟ್ ಬಂದ್.)

ಇನ್ನೊಂದು ಯಾರೂ ಹೇಳಂಗಿಲ್ಲ. ಹೈಬ್ರಿಡ್‌ನಾಗ ದೊಡ್ಡ ಬ್ಯಾಟರಿ ಜೋಡಿ ಒಂದು ಸಣ್ಣ 12 ವೋಲ್ಟಿಂದೂ ಇರ್ತೈತಿ, ಡಿಸೆಂಬರ್ ಸೂಟಿಗೆ ಊರಿಗೆ ಹೋಗಿ ತಿಂಗಳೊಪ್ಪತ್ತು ಬಿಟ್ಟು ಬಂದ್ರ ಅದು ಸತ್ತಿರ್ತೈತಿ, ದೊಡ್ಡದು ತುಂಬಿದ್ರೂ ಗಾಡಿ ಚಾಲೂ ಆಗಂಗಿಲ್ಲ. ಹೋಗುಮುಂದ ಅದರ ವೈರ್ ತಗದು ಹೋಗ್ಬೇಕು, ಇಲ್ಲಾ ಗೆಳ್ಯಾರಿಗೆ ಕೀಲಿ ಕೊಟ್ಟು ವಾರಕ್ಕೊಮ್ಮೆ ಓಡ್ಸಂತ ಹೇಳ್ಬೇಕು.

ಪೆಟ್ರೋಲ್ ಎಸ್ಟಿಮಾ ಅಂದ್ರ ಕಣ್ಣ ಮುಚ್ಚಿ ತಗೊ ಅಂತಲ್ಲ ಮತ್ತ. ಆ ಕಾಲದ ಟೊಯೋಟಾ 2.4 ಎಂಜಿನ್‌ಗೆ ಆಯಿಲ್ ಕುಡಿಯೋ ಚಟ ಐತಿ. ಡಿಪ್‌ಸ್ಟಿಕ್ ಎಳದು ನೋಡು, ಚಾಲೂ ಮಾಡಿದಾಗ ಹಿಂದಿಂದ ನೀಲಿ ಹೊಗಿ ಬರ್ತೈತೇನು ನೋಡು, ಎರಡು ಸರ್ವಿಸ್ ನಡುವ ಆಯಿಲ್ ಮ್ಯಾಲ ಹಾಕ್ತೀರೇನು ಅಂತ ಮಾರೋವ್ರಿಗೆ ಸೀದಾ ಕೇಳು, ಮಾರಿ ಹೆಂಗ ಮಾಡ್ತಾರ ಅನ್ನೋದ್ರಾಗ ಅರ್ಧಾ ಉತ್ತರ ಸಿಗ್ತೈತಿ. ಗೇರ್‌ಬಾಕ್ಸ್ ಸಿವಿಟಿ (ಬೆಲ್ಟಿನ ಮ್ಯಾಲ ನಡಿಯೋ ಆಟೋಮ್ಯಾಟಿಕ್), ಅದರ ಆಯಿಲ್ ಯಾವಾಗ ಬದ್ಲಿ ಮಾಡಿದ್ದು ಅಂತ ಬಿಲ್ ಕೇಳು. 3.5 ಲೀಟರ್ ವಿ6 ತೋರ್ಸಿದ್ರ ಮಾತ್ರ ಕೈ ಮುಗದು ಬಾ, ಓಡ್ಸಾಕ ಮಜಾ ಐತಿ ಆದ್ರ ಕುಡಿಯೋದು ಜಾಸ್ತಿ.

ದಿನಾ ಗಾಡಿನ ಬೇಕು, ಹೈಬ್ರಿಡ್ಡ ಬೇಕು ಅಂದ್ರ ಇನ್ನೊಂದ್ ಸ್ವಲ್ಪ ರೊಕ್ಕ ಕೂಡ್ಸಿ 2014ರ ಮ್ಯಾಲಿನ ಟೊಯೋಟಾ ನೋವಾ ಇಲ್ಲಾ ವಾಕ್ಸಿ ಹೈಬ್ರಿಡ್ ನೋಡು. ಎರಡೂ ಒಂದ ಗಾಡಿ, ಮಾರಿ ಅಷ್ಟ ಬ್ಯಾರೆ. 1.8 ಲೀಟರ್ ಎಂಜಿನ್, ಆರು ಆರೂವರಿ ಲೀಟರ್‌ನಾಗ 100 ಕಿಮೀ ಹೋಗ್ತೈತಿ. ನೆಲ ಭಾಳ ತಗ್ಗಿಗೈತಿ, ಬಾಗ್ಲ ಸರಿಸಿದ್ರ ನಿಮ್ಮವ್ವ ಮೊಳಕಾಲು ಹಿಡ್ಕೊಂಡು ಹತ್ತಿದ್ರೂ ತ್ರಾಸಾಗಂಗಿಲ್ಲ, ಹಿಂದಿನ ಸೀಟು ಬಾಜೂಕ ಮಡಚಿಟ್ರ ಏರ್‌ಪೋರ್ಟಿಂದ ಬರೋ ಶೇಂಗಾ ಚಟ್ನಿಪುಡಿ ಬ್ಯಾಗೆಲ್ಲಾ ಕುಂದರ್ತಾವ. ಈ ಎಂಜಿನ್‌ದಾಗ ನೋಡೋದೊಂದೈತಿ, ಇಜಿಆರ್ ಕೂಲರ್‌ನಾಗ (ಎಂಜಿನ್ನಿಗೆ ವಾಪಸ್ ಹೋಗೋ ಹೊಗಿ ತಣ್ಣಗ ಮಾಡೋ ಭಾಗ) ಮಸಿ ಕಟ್ಟಿ ಕಡೀಕ ಹೆಡ್ ಗ್ಯಾಸ್ಕೆಟ್ ಹೋಗಿದ್ದು ಈ 1.8 ಹೈಬ್ರಿಡ್‌ನಾಗ ಆಗೈತಿ, ಥಂಡಿ ಇದ್ದಾಗ ಚಾಲೂ ಮಾಡಿದ್ರ ಗಡಗಡ ನಡುಗಿದ್ರ, ಕೂಲಂಟ್ ಕಡಿಮಿ ಇದ್ರ ಬಿಟ್ಟ ಬಾ. ಪ್ರಿಯಸ್ ಆಲ್ಫಾನೂ ಏಳ್ ಸೀಟಿಂದ ಸಿಗ್ತೈತಿ, ಎಣ್ಣಿ ಇನ್ನೂ ಕಡಿಮಿ, ಆದ್ರ ಕಡೀ ಸಾಲಿನಾಗ ನಿಮ್ಮಪ್ಪಾರನ್ನ ಕುಂದ್ರಿಸಿದ್ರ ಮರುದಿನ ಗದಗಕ್ಕ ಟಿಕೀಟು ತಗಸು ಅಂತಾರ.

ನಿಸ್ಸಾನ್ ವ್ಯಾನಿಗೆ ಸೆರೆನಾ ಎಸ್-ಹೈಬ್ರಿಡ್ ಅಂತ ಬೋರ್ಡ್ ಇರ್ತೈತಿ, ಹೆಸರಿಗೆ ಅಷ್ಟ ಹೈಬ್ರಿಡ್, ಸಣ್ಣ ಮೋಟರ್ ಎಂಜಿನ್‌ಗೆ ಕೈ ಹಚ್ತೈತಿ, ಬರೇ ಬ್ಯಾಟರಿ ಮ್ಯಾಲ ಓಡಂಗಿಲ್ಲ. ಆರ್‌ಯುಸಿ (ಓಡ್ಸಿದ ಕಿಮೀ ಲೆಕ್ಕದ ರೋಡ್ ಟ್ಯಾಕ್ಸ್) ಕೇಳಿದ್ದಿ: ಪೆಟ್ರೋಲ್‌ಗೂ ಸಾದಾ ಹೈಬ್ರಿಡ್‌ಗೂ ಇಲ್ಲ, ಟ್ಯಾಕ್ಸ್ ಪೆಟ್ರೋಲ್‌ನಾಗ ಕೂಡಿರ್ತೈತಿ. 2024ರ ಏಪ್ರಿಲ್‌ದಿಂದ ಪ್ಲಗ್ ಹಚ್ಚಿ ಚಾರ್ಜ್ ಮಾಡೋ ಹೈಬ್ರಿಡ್‌ಗೆ 1,000 ಕಿಮೀಗೆ 38 ಡಾಲರ್, ಪೂರ್ತಿ ಕರೆಂಟಿನ ಗಾಡಿಗೆ 76. ಸರ್ಕಾರದ ಕ್ಲೀನ್ ಕಾರ್ ಸಬ್ಸಿಡಿ 2023ರ ಡಿಸೆಂಬರ್‌ಗೆ ಮುಗದೈತಿ, ಇನ್ನೂ ಐತಿ ಅಂತ ಹೇಳಾಂವನ ಅಂಗಡಿಯಿಂದ ಹೊರಗ ಬಾ.

ವಾರಂಟ್ ಆಫ್ ಫಿಟ್‌ನೆಸ್ (ಗಾಡಿ ರೋಡಿಗೆ ಯೋಗ್ಯ ಐತಿ ಅನ್ನೋ ಸರ್ಟಿಫಿಕೇಟು) ಹೊಸಾದೈತ್ರಿ ಅಂತಾರ, ಅದಕ್ಕ ಮರುಳಾಗಬ್ಯಾಡ. ಅದರಾಗ ಟೈರ್, ಬ್ರೇಕ್, ಲೈಟು, ಬೆಲ್ಟು, ತುಕ್ಕ ಇಂಥಾವ ನೋಡ್ತಾರ, ಎಂಜಿನ್ ಗೇರ್‌ಬಾಕ್ಸ್ ಹೈಬ್ರಿಡ್ ಬ್ಯಾಟರಿ ಹೆಂಗದಾವ ಅಂತ ನೋಡಂಗಿಲ್ಲ. ತಗೊಳ್ಳೂಕಿಂತ ಮೊದ್ಲ ರೊಕ್ಕ ಕೊಟ್ಟು ಬ್ಯಾರೆ ಮೆಕ್ಯಾನಿಕ್ ಕಡೆ ತಪಾಸ್ ಮಾಡ್ಸು, ಪಿಪಿಎಸ್‌ಆರ್ (ಸಾಲ ಬರದಿಡೋ ಸರ್ಕಾರಿ ದಾಖಲಿ) ಒಳಗ ಗಾಡಿ ಮ್ಯಾಲ ಸಾಲ ಐತೇನು ನೋಡು. ಡೀಲರ್ ಕಡೆ ತಗೊಂಡ್ರ ಗ್ರಾಹಕರ ಕಾನೂನು ನಿನ್ನ ಬೆನ್ನಿಗಿರ್ತೈತಿ, ಖಾಸಗಿ ಮಂದಿ ಕಡೆ ತಗೊಂಡ್ರ ಅದು ಹತ್ತಂಗಿಲ್ಲ, ಅದಕ್ಕ ಅಲ್ಲೆ ಸೋವಿ. ಜಪಾನಿನ ಆಕ್ಷನ್ ಶೀಟ್ (ಹರಾಜಿನಾಗ ಗಾಡಿ ತಪಾಸ್ ಮಾಡಿ ಬರದ ಚೀಟಿ) ಇದ್ರ ಕೇಳು, ಗ್ರೇಡ್ ಜಾಗಾದಾಗ ಆರ್ ಅಂತಿದ್ರ ಅಲ್ಲೆ ಹೊಡತ ತಿಂದು ರಿಪೇರಿ ಆಗಿದ್ದು. ಇಲ್ಲೆ ಇನ್ಶೂರೆನ್ಸ್ ಕಡ್ಡಾಯ ಅಲ್ಲ, ಊರಾಗ ಇದ್ದಂಗ ಥರ್ಡ್ ಪಾರ್ಟಿನೂ ಕೇಳಂಗಿಲ್ಲ, ಆದ್ರೂ ಇಲ್ಲದ ರೋಡಿಗೆ ಇಳೀಬ್ಯಾಡ, ಯಾರದರ ತುಟ್ಟಿ ಗಾಡಿಗೆ ತಾಗಿಸಿದ್ರ ಕೈಯಿಂದ ಹೋಗ್ತೈತಿ. ಸಣ್ಣಾವಗ ನಾಕ್ ವರ್ಷ ಅಂದಿ, ಏಳ್ ತುಂಬೋ ಮಟಾ ಚೈಲ್ಡ್ ಸೀಟ್ ಬೇಕ ಬೇಕು, ತೊಡಿ ಮ್ಯಾಲ ಕುಂದ್ರಿಸ್ಕೊಂಡು ಹೋಗೋದು ಮರ್ತಬಿಡು. ಗಾಡಿ ಚಾಲೂ ಮಾಡಿದ ಕೂಡ್ಲೆ ಒಬ್ಬಾಕಿ ಜಪಾನಿ ಭಾಷಾದಾಗ ಕಾರ್ಡ್ ಹಾಕಿಲ್ಲ ಅಂತ ಒದರ್ತಾಳ, ಅದು ಅವರ ಟೋಲ್ ಮಷೀನು, ಗಾಡಿ ಕೆಟ್ಟೈತಿ ಅಂತ ತಿಳೀಬ್ಯಾಡ. ರೇಡಿಯೋದಾಗೂ ಇಲ್ಲಿ ಸ್ಟೇಷನ್ ಪೂರ್ತಿ ಹಿಡಿಯಂಗಿಲ್ಲ.

ನನ್ನ ಕೇಳಿದ್ರ, ಮೇ ಮಟಾ ನೀ ಒಬ್ಬಾಂವ ಇದ್ದಿ, ಟ್ರೇನಿಗೆ ಹೋಗಿ ನೋಡು. ರೂಢಿ ಆತಂದ್ರ 2010ರ ಪೆಟ್ರೋಲ್ ತಗೊ, ಉಳದ 2,000ದಾಗ ನಾಕ್ ಟೈರು, ಇನ್ಶೂರೆನ್ಸು, ಚೈಲ್ಡ್ ಸೀಟು ಎಲ್ಲಾ ಬರ್ತಾವ. ಡೀಲರ್ ಕಂತಿನ ಮ್ಯಾಲ ಕೊಡ್ತೀನಿ ಅಂದ್ರ ಬಡ್ಡಿ ನೋಡಿ ಮಾತಾಡು. ಶನಿವಾರ ನೋಡಾಕ ಹೋಗೋದಿದ್ರ, ನಾ ಬರೋ ಮಟಾ ಎಂಜಿನ್ ಚಾಲೂ ಮಾಡಬ್ಯಾಡ್ರಿ ಅಂತ ಮಾರೋವ್ರಿಗೆ ಮೊದ್ಲ ಹೇಳಿಡು, ಥಂಡಿ ಎಂಜಿನ್ನ ನೋಡ್ಬೇಕು. ನಂಬರ್ ಪ್ಲೇಟ್ ನನಗೂ ಕಳಸು, ಹನ್ನೊಂದಕ್ಕ ಆದ್ರ ನಾನೂ ಬರ್ತೀನಿ.