ಪ್ಯಾಕಿಂಗ್ ಬದಲಿಸಿದರೂ ಆಯಿಲ್ ನಿಲ್ಲುತ್ತಿಲ್ಲ, ಏಕೆ?

ಪ್ರಶ್ನೆ: ಸರ್, ನನ್ನದು 97 ಸಿಸಿ ಸ್ಪ್ಲೆಂಡರ್. ಬಲಗಡೆ ಕ್ಲಚ್ ಕವರ್ ಹತ್ತಿರ ಆಯಿಲ್ ಜಿನುಗುತ್ತಿತ್ತು. ಕವರಿನ ಸಂದಿಗೆ ಹೊಸ ಪ್ಯಾಕಿಂಗ್ (ಗ್ಯಾಸ್ಕೆಟ್) ಹಾಕಿಸಿದೆ, ಕೆಲವು ದಿನ ಸರಿಯಿದ್ದು ಮತ್ತೆ ಶುರುವಾಯಿತು. ಎರಡನೇ ಸಲ ಮೆಕ್ಯಾನಿಕ್ ಪ್ಯಾಕಿಂಗ್ ಜೊತೆಗೆ ಸಿಲಿಕೋನ್ ಗಮ್ ಕೂಡ ಬಳಿದು ಕೂರಿಸಿದರು. ಆದರೂ ಗಾಡಿ ನಿಲ್ಲಿಸಿದಲ್ಲಿ ಕಲೆ ಬೀಳುತ್ತದೆ. ಇನ್ನೂ ಒಳ್ಳೆಯ ಪ್ಯಾಕಿಂಗ್ ತರಿಸಬೇಕೇ? ಈ ಸಲ ನಾನೇ ಬಿಚ್ಚಿ ಕೂರಿಸಬಹುದೇ?
– ಓದುಗರು, ಅರಸೀಕೆರೆ

ಉತ್ತರ: ಇನ್ನೊಂದು ಪ್ಯಾಕಿಂಗ್ ಕೊಳ್ಳುವ ಮೊದಲು ಆಯಿಲ್ ಎಲ್ಲಿಂದ ಬರುತ್ತಿದೆ ಎಂದು ಖಚಿತ ಮಾಡಿಕೊಳ್ಳಿ. ಆಯಿಲ್ ಹುಟ್ಟಿದ ಕಡೆ ನಿಲ್ಲುವುದಿಲ್ಲ, ಕೆಳಕ್ಕೆ ಇಳಿಯುತ್ತದೆ, ಗಾಡಿ ಓಡುವಾಗ ಗಾಳಿಗೆ ಹಿಂದಕ್ಕೆ ಹರಡುತ್ತದೆ. ಇಂಜಿನ್ ಮೇಲ್ತುದಿಯ ಹೆಡ್ ಕಡೆಯಿಂದ ಇಳಿದದ್ದು ಕ್ಲಚ್ ಕವರ್ ಅಂಚಿನಲ್ಲಿ ಬಂದು ಕೂತರೆ ಎಲ್ಲರೂ ಕವರನ್ನೇ ದೂರುತ್ತಾರೆ.

ಇಂಜಿನ್ ತಣ್ಣಗಿರುವಾಗ ಸೀಮೆಎಣ್ಣೆ ಅಥವಾ ಡೀಸೆಲ್ ಹಾಕಿ ಬ್ರಷ್‌ನಿಂದ ಉಜ್ಜಿ ತೊಳೆಯಿರಿ. ಪೂರ್ತಿ ಒಣಗಿದ ಮೇಲೆ ಕವರ್ ಸುತ್ತ, ಕಿಕ್ಕರ್ ಬುಡದಲ್ಲಿ, ಬ್ಲಾಕ್ (ಸಿಲಿಂಡರ್) ಕೆಳಗೆ ಮುಖಕ್ಕೆ ಹಾಕುವ ಪೌಡರ್ ಉದುರಿಸಿ. ನಾಲ್ಕೈದು ಕಿಲೋಮೀಟರ್ ಓಡಿಸಿ ಬಂದು ಟಾರ್ಚ್ ಹಿಡಿದು ನೋಡಿ. ಬಿಳಿ ಪೌಡರ್ ಮೇಲೆ ಕಂದು ಬಣ್ಣದ ಒದ್ದೆ ಗೆರೆ ಎದ್ದಿರುತ್ತದೆ. ಆ ಗೆರೆಯ ಮೇಲ್ತುದಿಯೇ ಸೋರುವ ಜಾಗ.

ಈ ಗಾಡಿಗಳಲ್ಲಿ ನನಗೆ ಮೊದಲು ಅನುಮಾನ ಬರುವುದು ಕಿಕ್ಕರ್ ಶಾಫ್ಟ್‌ನ ಆಯಿಲ್ ಸೀಲ್ ಮೇಲೆ. ಶಾಫ್ಟ್ ಆ ಕವರನ್ನು ತೂರಿಕೊಂಡೇ ಹೊರಗೆ ಬರುತ್ತದೆ. ಸೀಲಿನ ರಬ್ಬರ್ ತುಟಿ ಗಟ್ಟಿಯಾಗಿದ್ದರೆ ಪ್ಯಾಕಿಂಗ್ ಎಷ್ಟು ಸಲ ಬದಲಿಸಿದರೂ ಕಲೆ ಬೀಳುತ್ತಲೇ ಇರುತ್ತದೆ. ಎರಡನೆಯದು ಬ್ರೀದರ್ ಪೈಪು. ಪಿಸ್ಟನ್ ಏರಿಳಿಯುವಾಗ ಇಂಜಿನ್ನಿನ ಕೆಳಪೆಟ್ಟಿಗೆಯಾದ ಕ್ರ್ಯಾಂಕ್‌ಕೇಸಿನೊಳಗೆ ಏಳುವ ಒತ್ತಡ ಹೊರಹೋಗಲು ಇರುವ ದಾರಿ ಅದು. ಮಡಚಿಕೊಂಡಿದ್ದರೆ, ಕೆಸರು ಕಟ್ಟಿದ್ದರೆ ಒತ್ತಡ ಆಯಿಲನ್ನು ಸಿಕ್ಕ ಸಂದಿಯಿಂದ ನೂಕುತ್ತದೆ. ಅಳತೆ ಮೀರಿ ಆಯಿಲ್ ಹಾಕಿದ್ದರೂ ತೊಂದರೆಯೇ. ಬ್ರೀದರ್, ಆಯಿಲ್ ಮಟ್ಟ ಎರಡನ್ನೂ ನೋಡಲು ಕಾಸು ಖರ್ಚಾಗುವುದಿಲ್ಲ.

ಪೌಡರ್ ಗೆರೆ ಕವರ್ ಜೋಡಣೆಯನ್ನೇ ತೋರಿಸಿದರೆ ಆಗ ಬಿಚ್ಚಿ. ಖಂಡಿತ ನೀವೇ ಮಾಡಬಹುದಾದ ಕೆಲಸ. ಆಯಿಲ್ ಇಳಿಸಿ, ಫುಟ್‌ರೆಸ್ಟ್, ಕಿಕ್ಕರ್, ಕ್ಲಚ್ ಕೇಬಲ್ ಬಿಚ್ಚಿಕೊಳ್ಳಿ. ಬೋಲ್ಟ್‌ಗಳೆಲ್ಲ ಒಂದೇ ಉದ್ದದವಲ್ಲ. ರಟ್ಟಿನ ಮೇಲೆ ಕವರಿನ ಆಕಾರ ಬರೆದು ಆಯಾ ಬೋಲ್ಟನ್ನು ಆಯಾ ಜಾಗಕ್ಕೇ ಚುಚ್ಚಿಡಿ. ಉದ್ದದ್ದು ಗಿಡ್ಡದ ತೂತಿಗೆ ಹೋದರೆ ತಳ ಮುಟ್ಟಿ ನಿಲ್ಲುತ್ತದೆ. ಬಿಗಿಯಾಯಿತು ಅಂದುಕೊಳ್ಳುತ್ತೀರಿ, ಕವರ್ ಮಾತ್ರ ಒತ್ತಿರುವುದಿಲ್ಲ. ಗಿಡ್ಡದ್ದು ಉದ್ದದ ತೂತಿಗೆ ಹೋದರೆ ಎರಡು ಸುತ್ತು ಥ್ರೆಡ್ ಮಾತ್ರ ಹಿಡಿದು ಕಿತ್ತು ಬರುತ್ತದೆ.

ಕವರ್ ಅಂಟಿಕೊಂಡಿದ್ದರೆ ಸಂದಿಗೆ ಸ್ಕ್ರೂಡ್ರೈವರ್ ತೂರಿಸಿ ಮೀಟಲೇಬೇಡಿ. ರಬ್ಬರ್ ಸುತ್ತಿಗೆಯಿಂದ ಸುತ್ತಲೂ ಮೆಲ್ಲಗೆ ತಟ್ಟಿ. ಅಲ್ಯೂಮಿನಿಯಂ ಮೆತ್ತಗಿನ ಲೋಹ, ಮೀಟಿದ ಕಡೆ ಉಗುರಿನಷ್ಟು ಕಚ್ಚು ಬಿದ್ದರೂ ಆಯಿಲಿಗೆ ಅಲ್ಲೊಂದು ಕಾಲುವೆ ತೆರೆದ ಹಾಗೆ. ನಿಮ್ಮ ಗಾಡಿಯನ್ನು ಈಗಾಗಲೇ ಎರಡು ಸಲ ಬಿಚ್ಚಿರುವುದರಿಂದ ಇದನ್ನು ಒತ್ತಿ ಹೇಳುತ್ತಿದ್ದೇನೆ. ಕವರ್, ಇಂಜಿನ್ ಒಂದಕ್ಕೊಂದು ಕೂರುವ ಎರಡೂ ಮುಖಗಳ ಮೇಲೆ ಕಣ್ಣು ಮುಚ್ಚಿ ಬೆರಳಾಡಿಸಿ. ಕಣ್ಣಿಗೆ ಬೀಳದ ಉಬ್ಬು, ಕಚ್ಚು ಬೆರಳಿಗೆ ಸಿಗುತ್ತದೆ.

ಹಳೆಯ ಪ್ಯಾಕಿಂಗ್ ತೆಗೆಯುವುದೇ ನಿಜವಾದ ಕೆಲಸ. ಪ್ಯಾಕಿಂಗ್ ತುಂಬುವುದು ಎರಡು ಮುಖಗಳ ನಡುವಿನ ಸಣ್ಣ ಒರಟನ್ನು ಮಾತ್ರ. ಮುಖ ಕೊಳಕಾಗಿದ್ದರೆ, ಸೊಟ್ಟಗಿದ್ದರೆ ಯಾವ ಕಂಪನಿಯದು ಹಾಕಿದರೂ ಅಷ್ಟೆ. ಮೊದಲು ಕ್ರ್ಯಾಂಕ್‌ಕೇಸಿನ ಬಾಯಿಗೆ ಬಟ್ಟೆ ತುಂಬಿ, ಚೂರು ಒಳಗೆ ಬೀಳಬಾರದು. ತಿನ್ನರ್ ಸವರಿ ನೆನೆಯಲು ಬಿಟ್ಟು, ಪ್ಲಾಸ್ಟಿಕ್ ಸ್ಕ್ರೇಪರ್‌ನಿಂದ ಎಬ್ಬಿಸಿ. ಕೊನೆಯಲ್ಲಿ ಇನ್ನೊಮ್ಮೆ ತಿನ್ನರ್ ಹಾಕಿದ ಬಿಳಿ ಬಟ್ಟೆಯಿಂದ ಒರೆಸಿ. ಬಟ್ಟೆ ಬೆಳ್ಳಗೇ ಉಳಿಯಬೇಕು. ಪೆಟ್ರೋಲ್‌ನಲ್ಲಿ ಒರೆಸಿ ಬಿಟ್ಟರೆ ಸಣ್ಣ ಜಿಡ್ಡು ಉಳಿಯುತ್ತದೆ.

ಈಗ ಗಮ್ ವಿಷಯ. ಕಂಪನಿ ಕಾಗದದ ಪ್ಯಾಕಿಂಗ್ ಕೊಟ್ಟಿರುವ ಕಡೆ, ಮುಖ ಚೆನ್ನಾಗಿದ್ದರೆ, ಒಣ ಪ್ಯಾಕಿಂಗೇ ಸಾಕು. ಅದರ ಮೇಲೆ ಸಿಲಿಕೋನ್ ಬಳಿದರೆ ಬಿಗಿಯುವಾಗ ಪ್ಯಾಕಿಂಗ್ ಜಾರಿ ಹೊರಗೆ ಉಬ್ಬುವುದೂ ಉಂಟು. ಅದಕ್ಕಿಂತ ದೊಡ್ಡ ಅಪಾಯ ಒಳಗಡೆಯದು. ಹೊರಗೆ ಎಷ್ಟು ಗಮ್ ಹಿಂಡಿ ಬಂದಿದೆಯೋ ಒಳಗೂ ಅಷ್ಟೇ ಬಂದಿರುತ್ತದೆ. ಅದು ಹುಳುವಿನಂತೆ ಕಳಚಿ ಆಯಿಲ್‌ನಲ್ಲಿ ತೇಲಿ, ಪಂಪಿನ ಜಾಲರಿಗೆ ಅಂಟುತ್ತದೆ. ಜಾಲರಿ ಕಟ್ಟಿದರೆ ಮೇಲೆ ಕ್ಯಾಮ್‌ಶಾಫ್ಟಿಗೆ ಆಯಿಲ್ ಏರುವುದಿಲ್ಲ. ಅಗ್ಗದ ಪ್ಯಾಕಿಂಗಿನ ಸೋರಿಕೆ ನಿಲ್ಲಿಸಲು ಹೋಗಿ ಹೆಡ್ಡೇ ಕೆಟ್ಟರೆ ಏನು ಪ್ರಯೋಜನ? ಹಾಗಾಗಿ ಈ ಸಲ ಕವರ್ ಬಿಚ್ಚಿದಾಗ ಅಡಿಯ ಆಯಿಲ್ ಜಾಲರಿಯನ್ನು ಎಳೆದು ತೊಳೆಯುವುದನ್ನು ಮರೆಯಬೇಡಿ.

ಕವರನ್ನು ಸರಿಯಾದ ಜಾಗಕ್ಕೆ ಕೂರಿಸುವ ಡೋವೆಲ್ ಪಿನ್‌ಗಳು ತಮ್ಮ ಜಾಗದಲ್ಲಿವೆಯೇ ನೋಡಿ, ಕಿಕ್ಕರ್ ಸೀಲ್ ಹೊಸದು ಹಾಕಿ, ತುಟಿಗೆ ಸ್ವಲ್ಪ ಗ್ರೀಸ್ ಸವರಿ ಕವರ್ ಕೂರಿಸಿ. ಎಲ್ಲ ಬೋಲ್ಟ್ ಕೈಯಲ್ಲಿ ತಿರುಗಿಸಿದ ಮೇಲೆ ಎದುರುಬದುರಾಗಿ ಎರಡು ಮೂರು ಸುತ್ತಿನಲ್ಲಿ ಬಿಗಿಯಿರಿ. 6 ಮಿ.ಮೀ. ಬೋಲ್ಟಿಗೆ ಸುಮಾರು 10 ನ್ಯೂಟನ್ ಮೀಟರ್ ಸಾಕು. ಟಾರ್ಕ್ ವ್ರೆಂಚ್ ಇಲ್ಲದಿದ್ದರೆ ಟೀ ಸ್ಪ್ಯಾನರನ್ನು ಬುಡದಲ್ಲಿ ಹಿಡಿದು ಮಣಿಕಟ್ಟಿನ ಬಲದಲ್ಲಿ ಮಾತ್ರ ತಿರುಗಿಸಿ. ಸೋರುತ್ತದೆಂದು ಇನ್ನಷ್ಟು ಬಿಗಿದರೆ ಬೋಲ್ಟ್ ಸುತ್ತ ಕವರ್ ಬಾಗಿ, ನಡುವೆ ಸಂದಿ ಬಿಡುತ್ತದೆ. ಯಾವುದಾದರೂ ಬೋಲ್ಟ್ ತಿರುಗುತ್ತಲೇ ಇದ್ದರೆ ಥ್ರೆಡ್ ಹೋಗಿದೆ. ಗಮ್ ತುಂಬದೆ ಲೇತ್‌ನವರ ಹತ್ತಿರ ಹೆಲಿಕಾಯಿಲ್ (ಹೊಸ ಥ್ರೆಡ್ ಕೊಡುವ ತಂತಿ ಸುರುಳಿ) ಹಾಕಿಸಿ.

ಪ್ರಶ್ನೆ: ತಂದೆಯವರ ಹಳೆಯ ಯೆಜ್ಡಿ ರೋಡ್‌ಕಿಂಗ್ ಇದೆ. ಬಿಳಿ ಹೊಗೆ ಬಹಳ, ಐಡ್ಲಿಂಗ್ ನಿಲ್ಲುವುದಿಲ್ಲ, ತಾನಾಗಿ ಏರುತ್ತದೆ. ಫುಲ್ ಪ್ಯಾಕಿಂಗ್ ಸೆಟ್ ಹಾಕಿದರೆ ಸರಿಹೋಗುತ್ತದೆಯೇ? ಕೆಲವು ಪ್ಯಾಕಿಂಗ್ ಸಿಗುತ್ತಿಲ್ಲ, ಕತ್ತರಿಸಿಕೊಳ್ಳಬಹುದೇ?
– ಓದುಗರು, ಮೈಸೂರು

ಉತ್ತರ: ನಿಮ್ಮ ಊರಲ್ಲೇ ಹುಟ್ಟಿದ ಗಾಡಿ. ಇದನ್ನು ತಯಾರಿಸುತ್ತಿದ್ದ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿದರೂ ಇದರ ನಾಡಿ ಬಲ್ಲ ಹಿರಿಯ ಮೆಕ್ಯಾನಿಕ್‌ಗಳು ಮೈಸೂರಿನಲ್ಲಿ ಈಗಲೂ ಇದ್ದಾರೆ. ಅಂಗಡಿಯಲ್ಲಿ ಬರೀ ಯೆಜ್ಡಿ ಎಂದು ಕೇಳಬೇಡಿ. 2022ರಲ್ಲಿ ಮತ್ತೆ ಬಂದ ಯೆಜ್ಡಿಗಳು ಫೋರ್ ಸ್ಟ್ರೋಕ್, ನಿಮ್ಮದು ಟೂ ಸ್ಟ್ರೋಕ್, ಅವುಗಳ ಪ್ಯಾಕಿಂಗ್ ಇದಕ್ಕೆ ಹೊಂದುವುದಿಲ್ಲ.

ಟೂ ಸ್ಟ್ರೋಕ್‌ನಲ್ಲಿ ಪ್ಯಾಕಿಂಗ್, ಸೀಲ್‌ಗಳು ಆಯಿಲಿಗಿಂತ ಹೆಚ್ಚಾಗಿ ಗಾಳಿಯನ್ನು ತಡೆಯಬೇಕು. ಪೆಟ್ರೋಲ್, ಗಾಳಿಯ ಮಿಶ್ರಣ ಮೊದಲು ಕ್ರ್ಯಾಂಕ್‌ಕೇಸಿಗೇ ಬಂದು, ಅಲ್ಲಿ ಒತ್ತಿಸಿಕೊಂಡು ಮೇಲೇರುತ್ತದೆ. ಎಲ್ಲಾದರೂ ಸಂದಿಯಿಂದ ಹೆಚ್ಚಿನ ಗಾಳಿ ಎಳೆದುಕೊಂಡರೆ ಮಿಶ್ರಣದಲ್ಲಿ ಪೆಟ್ರೋಲ್ ಕಡಿಮೆಯಾಗಿ, ಐಡ್ಲಿಂಗ್ ಏರಿ, ಇಂಜಿನ್ ಕಾದು, ಪಿಸ್ಟನ್ ಜಾಮ್ ಆಗುತ್ತದೆ. ಆದ್ದರಿಂದ ಸರಿಯಾಗುವ ತನಕ ದಯವಿಟ್ಟು ದೂರ ಓಡಿಸಬೇಡಿ.

ಬಿಳಿ ಹೊಗೆಯ ಜೊತೆ ಗೇರ್ ಆಯಿಲ್ ಕೂಡ ಕಡಿಮೆಯಾಗುತ್ತಿದ್ದರೆ ಎಡಗಡೆ, ಕ್ರ್ಯಾಂಕ್‌ನಿಂದ ಕ್ಲಚ್ ತಿರುಗಿಸುವ ಪ್ರೈಮರಿ ಚೈನ್ ಕಡೆಯ ಕ್ರ್ಯಾಂಕ್ ಸೀಲ್ ಹೋಗಿದೆ, ಆ ಆಯಿಲ್ ಕ್ರ್ಯಾಂಕ್‌ಕೇಸಿಗೆ ಸೇರಿ ಉರಿಯುತ್ತಿದೆ. ಹೊರಗಿನ ಕವರುಗಳ ಪ್ಯಾಕಿಂಗ್ ಬದಲಿಸಿ ಇದಕ್ಕೆ ಏನೂ ಆಗುವುದಿಲ್ಲ. ಇಂಜಿನ್ ಪೂರ್ತಿ ಬಿಚ್ಚುವ ಮುನ್ನ ಒತ್ತಡ ಹಾಕಿ ಪರೀಕ್ಷಿಸಲು ಹೇಳಿ. ಕಾರ್ಬುರೇಟರ್ ಬಾಯಿ ಮುಚ್ಚಿ, ಒಂದೇ ಸಿಲಿಂಡರ್ ಆದರೂ ಇರುವ ಎರಡು ಎಕ್ಸಾಸ್ಟ್ ಬಾಯಿಗಳನ್ನೂ ಮುಚ್ಚಿ, ಕೈಪಂಪಿನಿಂದ 6 ಪಿಎಸ್‌ಐ ಅಷ್ಟೇ ಗಾಳಿ ತುಂಬಿಸಬೇಕು, ಹೆಚ್ಚಾದರೆ ಸೀಲೇ ಕಿತ್ತು ಬರಬಹುದು. ಐದಾರು ನಿಮಿಷ ಒತ್ತಡದ ಮೀಟರಿನ ಮುಳ್ಳು ಇಳಿಯದಿದ್ದರೆ ಸರಿ. ಇಳಿದರೆ ಸೋಪಿನ ನೀರು ಸವರಿ ಗುಳ್ಳೆ ಏಳುವ ಜಾಗ ಹುಡುಕಿ. ಗುಳ್ಳೆ ಎಲ್ಲೂ ಕಾಣದೆ ಒತ್ತಡ ಇಳಿಯುತ್ತಿದ್ದರೆ ಗಾಳಿ ಎಡಗಡೆಯ ಸೀಲಿನಿಂದ ಒಳಗೊಳಗೇ ಹೋಗುತ್ತಿದೆ. ಗೇರ್ ಆಯಿಲ್ ತುಂಬುವ ಮುಚ್ಚಳ ತೆಗೆದು ಅಲ್ಲಿ ಸೋಪಿನ ಪೊರೆ ಹಿಡಿದರೆ ಉಬ್ಬುತ್ತದೆ.

ಕವರುಗಳ ಪ್ಯಾಕಿಂಗ್ ಧಾರಾಳವಾಗಿ ಕತ್ತರಿಸಿಕೊಳ್ಳಿ. ಅರ್ಧ ಮಿ.ಮೀ. ಪ್ಯಾಕಿಂಗ್ ಶೀಟ್ ಮೇಲೆ ಕವರ್ ಇಟ್ಟು ಪೆನ್ಸಿಲ್‌ನಿಂದ ಗೆರೆ ಎಳೆದು ಕತ್ತರಿಸಿದರೆ ಸಾಕು. ಸುತ್ತಿಗೆಯಿಂದ ಅಂಚಿಗೆ ತಟ್ಟಿ ಕತ್ತರಿಸುವ ರೂಢಿ ಬೇಡ, ಅಲ್ಯೂಮಿನಿಯಂ ಅಂಚು ಸವೆಯುತ್ತದೆ. ಬ್ಲಾಕ್ ಕೆಳಗಿನ ಪ್ಯಾಕಿಂಗ್ ಮಾತ್ರ ಮೊದಲಿದ್ದಷ್ಟೇ ದಪ್ಪ ಇರಬೇಕು. ದಪ್ಪ ಹಾಕಿದರೆ ಬ್ಲಾಕ್ ಎತ್ತರವಾಗಿ ಪೋರ್ಟ್‌ಗಳು (ಸಿಲಿಂಡರ್ ಗೋಡೆಯ ಕಂಡಿಗಳು) ತೆರೆದು ಮುಚ್ಚುವ ಹೊತ್ತೇ ಬದಲಾಗುತ್ತದೆ. ಹಳೆಯದನ್ನು ತೆಗೆಯುವಾಗ ಒಣಗಿರುವಾಗಲೇ ಎಮರಿ ಹಾಕಿ ಉಜ್ಜಬೇಡಿ. ಆ ಕಾಲದ ಪ್ಯಾಕಿಂಗ್‌ಗಳಲ್ಲಿ ಕಲ್ನಾರು ಇರುತ್ತಿತ್ತು, ಅದರ ಧೂಳು ಶ್ವಾಸಕೋಶಕ್ಕೆ ಕೇಡು. ಒದ್ದೆ ಮಾಡಿ, ಮಾಸ್ಕ್ ಹಾಕಿಕೊಂಡು ಎಬ್ಬಿಸಿ, ಚೂರುಗಳನ್ನು ಒದ್ದೆಯಾಗಿರುವಾಗಲೇ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಬಿಸಾಡಿ.